ಸೆವೆರೆನ್ಸ್ ಸೀಸನ್ 2, ಒಂಬತ್ತನೇ ಕಂತು: ನೋಡಿದವರು ಮಾತ್ರ ಒಳಗೆ ಬನ್ನಿ

ಗಾಂಧಿಬಜಾರ್_ಗಿರಾಕಿ · ಶುಕ್ರವಾರ, ಮಾರ್ಚ್ 14, 2025, ಬೆಳಿಗ್ಗೆ 9:10

'ದಿ ಆಫ್ಟರ್ ಅವರ್ಸ್' ನೋಡದವರು ಇಲ್ಲಿಂದಲೇ ವಾಪಸ್ ಹೋಗಿ, ಆಮೇಲೆ ನನ್ನನ್ನು ಬೈಯಬೇಡಿ. ಕೊನೆಯ ಕಂತಿನ ಟ್ರೇಲರ್ ನೋಡಿದವರು ದಯವಿಟ್ಟು ಅದರ ಸುದ್ದಿ ಎತ್ತಬೇಡಿ. ಹೋದ ವಾರ ಒಬ್ಬರು ಎತ್ತಿ ಮೂರು ಪುಟ ಜಗಳ ಆಯಿತು.

ಮರೆತವರಿಗೆ ಒಂದು ಮಾತು: ಲೂಮನ್ ಕಂಪನಿಯಲ್ಲಿ ಕೆಲವರ ನೆನಪನ್ನು ಆಪರೇಷನ್ ಮಾಡಿ ಎರಡಾಗಿ ಸೀಳಿರುತ್ತಾರೆ. ಆಫೀಸಿನೊಳಗೆ ಮಾತ್ರ ಎಚ್ಚರವಿರುವವನು 'ಇನ್ನಿ', ಹೊರಗೆ ಬದುಕುವವನು 'ಔಟಿ'. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಮಾರ್ಕ್, ಹೆಲಿ, ಇರ್ವಿಂಗ್, ಡಿಲನ್ ಅಂಥ ನಾಲ್ವರು.

ನಾನೇ ಶುರು ಮಾಡುತ್ತೇನೆ. ಮೊದಲ ಸೀಸನ್ನಿನಲ್ಲಿ ಕೊನೆಯದಕ್ಕೆ ಹಿಂದಿನ ಕಂತು ಹೇಗಿತ್ತು ನೆನಪಿದೆಯಾ? ಡಿಲನ್ ವಾಫಲ್ ಪಾರ್ಟಿ ಅರ್ಧಕ್ಕೆ ಬಿಟ್ಟು ಕಂಟ್ರೋಲ್ ರೂಮಿಗೆ ನುಗ್ಗಿದ. ಎರಡು ಕೈ ಚಾಚಿ ಎರಡು ಸ್ವಿಚ್ ಹಿಡಿದುಕೊಂಡ. ಮಾರ್ಕ್, ಹೆಲಿ, ಇರ್ವಿಂಗ್ ಮೂವರ ಇನ್ನಿಗಳೂ ಹೊರಗಿನ ಲೋಕದಲ್ಲಿ ಕಣ್ಣುಬಿಟ್ಟರು. ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಈ ಸಲ ಕಾರುಗಳು ಓಡಾಡಿದವು. ಒಂದರಲ್ಲಿ ಮಾರ್ಕ್, ಅವನ ಸೋದರಿ ಡೆವನ್, ಆಫೀಸಿನ ಹಳೇ ಬಾಸ್ ಕೋಬೆಲ್. ಇನ್ನೊಂದರಲ್ಲಿ ಲೂಮನ್‌ನಿಂದ ರಿಟೈರ್ ಆದ ಬರ್ಟ್ ಮತ್ತು ಇರ್ವಿಂಗ್. ಕೊನೆಗೆ ಹೆರಿಗೆ ಕ್ಯಾಬಿನ್ನಿನೊಳಗೆ ಕಾಲಿಟ್ಟ ಕೂಡಲೇ ಮಾರ್ಕ್‌ನ ಇನ್ನಿ ಎಚ್ಚರವಾದ, ಎದುರಿಗೆ ಕೋಬೆಲ್. ಅಷ್ಟೇ, ಮುಗಿಯಿತು. ನನಗೆ ಇಷ್ಟವಾಯಿತು, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ. ಗೊತ್ತಿದ್ದವರು ಹೇಳಿ.

ಗಿರ್ಮಿಟ್ · ಶುಕ್ರವಾರ, ಬೆಳಿಗ್ಗೆ 9:25

ಎಲೆ ಹಾಕಿದರು. ನೀರು ಚಿಮುಕಿಸಿದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಬಂತು. ಅನ್ನ ಮಾತ್ರ ಮುಂದಿನ ಶುಕ್ರವಾರವಂತೆ.

ಸಾರ್, 2022ರ ಏಪ್ರಿಲ್ 8ಕ್ಕೆ ಮೊದಲ ಸೀಸನ್ ಮುಗಿಯಿತು. 2025ರ ಜನವರಿ 17ಕ್ಕೆ ಎರಡನೆಯದು ಬಂತು. ನಡುವೆ ನನ್ನ ಮದುವೆ ಆಯಿತು, ಮಗಳು ಹುಟ್ಟಿದಳು, ಅವಳು ರಿಮೋಟ್ ಕಿತ್ತುಕೊಂಡು ಓಡುವಷ್ಟು ದೊಡ್ಡವಳಾದಳು. ಅಷ್ಟು ಕಾದವನಿಗೆ ಇವರು ಏನು ಕೊಟ್ಟರು? ಇರುವುದೇ ಹತ್ತು ಕಂತು. ಎಂಟನೆಯದನ್ನು ಪೂರ್ತಿ ಕೋಬೆಲ್‌ಳ ಹಳೇ ಊರಿಗೆ ಬರೆದುಕೊಟ್ಟರು. ಒಂಬತ್ತನೆಯದರಲ್ಲಿ ಕತ್ತಲಾಗುವುದನ್ನು ಕಾಯುತ್ತಾ ಕೂತರು. ಕತ್ತಲಾಗುವುದನ್ನು ಕಾಯಲು ನಮ್ಮ ಮನೆ ಟೆರೇಸ್ ಸಾಲದಾ?

ಕಾಫಿ_ತೋಟ · ಶುಕ್ರವಾರ, ಬೆಳಿಗ್ಗೆ 10:02

ಗಿರಾಕಿಯವರೇ, ನಿಮಗೆ ಯಾಕೆ ಇಷ್ಟವಾಯಿತು ಅಂತ ನಾನು ಹೇಳುತ್ತೇನೆ. ಇದು ಹೊರಡುವವರ ಕಂತು.

ಎಣಿಸಿ ನೋಡಿ. ಇರ್ವಿಂಗ್ ರೈಲು ಹತ್ತಿದ. ಆಫೀಸಿನ ಪುಟ್ಟ ಮೇಲ್ವಿಚಾರಕಿ ಮಿಸ್ ಹ್ವಾಂಗ್‌ಳನ್ನು ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್‌ಗೆ ಸಾಗಹಾಕಿದರು. ಡಿಲನ್‌ನ ಇನ್ನಿ ರಾಜೀನಾಮೆ ಕೊಟ್ಟ. ಮಾರ್ಕ್ ಆಫೀಸಿಗೇ ಚಕ್ಕರ್. ಹಸಿರು ಕಾರ್ಪೆಟ್ಟಿನ ಆ ದೊಡ್ಡ ರೂಮಿನ ನಡುವೆ ನಾಲ್ಕು ಮೇಜು ಇವೆಯಲ್ಲ, ಅಲ್ಲಿ ಉಳಿದವಳು ಹೆಲಿ ಒಬ್ಬಳೇ. ಹಬ್ಬ ಮುಗಿದು ನೆಂಟರೆಲ್ಲ ಒಬ್ಬೊಬ್ಬರಾಗಿ ಬಸ್ ಹತ್ತಿದ ಮೇಲೆ ಮನೆ ಒಂಥರಾ ಗುಂಯ್ ಅನ್ನುತ್ತದಲ್ಲ, ನನಗೆ ಹಾಗೇ ಅನ್ನಿಸಿತು.

ಡಿಲನ್‌ನದು ನೋಡಿ ಹೊಟ್ಟೆ ಉರಿಯಿತು ಮಾರಾಯ್ರೆ. ಕೈಯಾರೆ ಉಂಗುರ ಮಾಡಿಕೊಂಡು ಗ್ರೆಚನ್ ಮುಂದೆ ಹಿಡಿದ. ಅವಳು ಅವನ ಹೆಂಡತಿಯೇ, ಆದರೆ ಅವನ ಹೆಂಡತಿ ಅಲ್ಲ. ಹೊರಗಿನ ಡಿಲನ್‌ನ ಹೆಂಡತಿ. ಅವಳು ಇನ್ನು ಬರುವುದಿಲ್ಲ ಅಂದಳು. ನಮ್ಮಂಥವರು ಮನಸ್ಸು ಮುರಿದರೆ ನಾಲ್ಕು ದಿನ ಊಟ ಬಿಡುತ್ತೇವೆ, ಆಮೇಲೆ ಸರಿಹೋಗುತ್ತೇವೆ. ಅವನಿಗೆ ಹೋಗಲು ಬೇರೆ ಜಾಗವೇ ಇಲ್ಲ. ಇನ್ನಿ ರಾಜೀನಾಮೆ ಕೊಟ್ಟರೆ ಲಿಫ್ಟ್ ಹತ್ತಿದವನು ಮತ್ತೆ ಇಳಿಯುವುದಿಲ್ಲ. ಅದನ್ನು ಮಂಜೂರು ಮಾಡುವವನು ಕೂಡ ಅವನದೇ ಔಟಿ. ಹೆಲಿ ಅಷ್ಟು ಬೇಡಿಕೊಂಡಳು. ಅವನು ನಿಲ್ಲಲಿಲ್ಲ.

ಇಷ್ಟು ನಡೆದ ಮೇಲೂ 'ಏನೂ ಆಗಲಿಲ್ಲ' ಅನ್ನುತ್ತೀರಾ ಗಿರ್ಮಿಟ್ ಅವರೇ?

ಗಿರ್ಮಿಟ್ · ಶುಕ್ರವಾರ, ಬೆಳಿಗ್ಗೆ 10:15

ಏನೂ ಆಗಲಿಲ್ಲ ಅಂದಿಲ್ಲ ಮೇಡಂ. ಹಸಿವಾಗುತ್ತಿದೆ ಅಂದೆ.

ಹಳೇ_ಹೆಡ್‌ಸೆಟ್ · ಶುಕ್ರವಾರ, ಬೆಳಿಗ್ಗೆ 11:30

ಇಲ್ಲಿ ಬರೀ ಓದಿಕೊಂಡು ಹೋಗುವವಳು ನಾನು. ಡಿಲನ್ ಬಗ್ಗೆ ಅಂತ ಈ ಸಲ ಬರೆಯುತ್ತಿದ್ದೇನೆ.

2004ರಲ್ಲಿ ಬೆಂಗಳೂರಿನ ಒಂದು ಕಾಲ್ ಸೆಂಟರ್ ಸೇರಿದೆ. ರಾತ್ರಿ ಪಾಳಿ. ಮೊದಲ ದಿನವೇ ಒಂದು ಪಟ್ಟಿ ಕೊಟ್ಟು ಹೆಸರು ಆರಿಸಿಕೊಳ್ಳಿ ಅಂದರು. ನಾನು 'ನ್ಯಾನ್ಸಿ' ಆದೆ. ರಾತ್ರಿ ಕ್ಯಾಬ್ ಹತ್ತುವವಳು ನಮ್ಮಮ್ಮನ ಮಗಳು, ಬ್ಯಾಡ್ಜ್ ಉಜ್ಜಿ ಒಳಗೆ ಹೋಗುವವಳು ನ್ಯಾನ್ಸಿ. ನ್ಯಾನ್ಸಿ ಅಮೆರಿಕದ ಹವಾಮಾನ ಮಾತಾಡುತ್ತಿದ್ದಳು. ಯಾರು ಎಷ್ಟು ಬೈದರೂ ನಗುತ್ತಿದ್ದಳು. ನಾನು ಮನೆಯಲ್ಲಿ ಅಷ್ಟು ತಾಳ್ಮೆಯವಳಲ್ಲ, ಕೇಳಿ ನೋಡಿ.

ಅಲ್ಲಿ ಪಕ್ಕದ ಸೀಟಿನಲ್ಲಿ 'ಕೆವಿನ್' ಇದ್ದ. ಬೆಳಗಿನ ಜಾವ ನಾಲ್ಕಕ್ಕೆ ಮೆಷಿನ್ ಕಾಫಿ ಕುಡಿಯುತ್ತಾ ಎರಡು ವರ್ಷ ಮಾತಾಡಿದ್ದೇವೆ. ನಾನು ಕೆಲಸ ಬಿಟ್ಟ ದಿನ ಬೈ ಅಂದೆ, ಅವನೂ ಅಂದ. ಆಮೇಲೆ ಒಂದು ದಿನ ಜಯನಗರದ ಬಸ್‌ಸ್ಟಾಪಿನಲ್ಲಿ ಎದುರಾದ. ಇಬ್ಬರಿಗೂ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ಅವನ ನಿಜವಾದ ಹೆಸರನ್ನು ಬಾಯಿ ಬಿಟ್ಟು ಕರೆಯಲು ಆಗಲಿಲ್ಲ ನನಗೆ.

ಬರ್ಟ್, ಇರ್ವಿಂಗ್ ಇಬ್ಬರೂ ಕಾರಿನಲ್ಲಿ ಕೂತಿದ್ದಾಗ ಅದೇ ನೆನಪಾಯಿತು. ಒಳಗೆ ಪ್ರೀತಿಸಿದವರು ಬೇರೆ ಯಾರೋ ಇಬ್ಬರು. ಇವರಿಬ್ಬರಿಗೆ ಆ ನೆನಪೂ ಇಲ್ಲ, ಆದರೂ ಏನೋ ಬಾಕಿ ಉಳಿದಿದೆ.

ಕಾಫಿ_ತೋಟ · ಶುಕ್ರವಾರ, ಬೆಳಿಗ್ಗೆ 11:41

ಅಕ್ಕಾ, ಇನ್ನು ಮುಂದೆ ಬರೀ ಓದಿಕೊಂಡು ಹೋಗಬೇಡಿ.

ಮೇಷ್ಟ್ರು_ರಿಟೈರ್ಡ್ · ಶುಕ್ರವಾರ, ಮಧ್ಯಾಹ್ನ 1:20

ನನ್ನ ವೋಟು ಆ ಆಫೀಸಿನ ಮ್ಯಾನೇಜರ್ ಮಿಲ್ಚಿಕ್‌ಗೆ.

ಆ ಮನುಷ್ಯನ ಮೇಲೆ ಕಂಪನಿಯ ದೂರು ಏನಿತ್ತು? ಜಾಸ್ತಿ ದೊಡ್ಡ ಪದ ಬಳಸುತ್ತಾನೆ ಅಂತ. ಐದನೇ ಕಂತಿನ ಮೌಲ್ಯಮಾಪನದಲ್ಲಿ ಹೇಳಿದ್ದರು, ಪೇಪರ್ ಕ್ಲಿಪ್ಪನ್ನು ತಿರುಗಾಮುರುಗಾ ಹಾಕುತ್ತಾನೆ ಅನ್ನುವ ದೂರಿನ ಜೊತೆ. ಪಾಪ, ಆಮೇಲೆ ಕನ್ನಡಿ ಮುಂದೆ ನಿಂತು ಒಂದು ಉದ್ದ ವಾಕ್ಯವನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಒಂದೇ ಪದಕ್ಕೆ ಇಳಿಸಿದ್ದ. ಈ ಕಂತಿನಲ್ಲಿ ಮೇಲಧಿಕಾರಿ ಡ್ರಮಂಡ್ ಬಂದು ಮತ್ತೆ ಅದೇ ಹಳೇ ರಾಗ ತೆಗೆದ. ಆಗ ಮಿಲ್ಚಿಕ್ ಮೊದಲು ಘನವಾದ ಲ್ಯಾಟಿನ್ ಮೂಲದ ಮಾತಿನಲ್ಲಿ ಬೈದ. ಆಮೇಲೆ ಅದನ್ನೇ ಬೀದಿ ಮಾತಿಗೆ ಇಳಿಸಿ ಅರ್ಥ ಹೇಳಿದ.

ಇದನ್ನು ಕನ್ನಡಕ್ಕೆ ಮಾಡಲು ನಮಗೆ ಕಷ್ಟವೇ ಇಲ್ಲ, ಯಾಕೆಂದರೆ ನಮ್ಮ ಮನೆಗೂ ಎರಡು ಅಂತಸ್ತು. ಮೇಲಿನ ಮಹಡಿಯಲ್ಲಿ ಸಂಸ್ಕೃತ: "ಅಮೇಧ್ಯ ಭಕ್ಷಿಸಿ, ಮಹಾಶಯರೇ." ಕೆಳಗಿನ ಮಹಡಿಯಲ್ಲಿ ಅಚ್ಚಗನ್ನಡ: ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ನನ್ನ ಹಳೇ ವಿದ್ಯಾರ್ಥಿಗಳು ಈ ವೇದಿಕೆಯಲ್ಲಿದ್ದಾರೆ.

ಡಿಬಗ್_ದಾಸ · ಶುಕ್ರವಾರ, ಮಧ್ಯಾಹ್ನ 1:32

ಮೇಷ್ಟ್ರೇ, ನಮಸ್ಕಾರ. ನಾನು ಹೋದ ವರ್ಷ ಅಪ್ರೈಸಲ್‌ನಲ್ಲಿ ಕೇಳಿಸಿಕೊಂಡ ಮಾತು: 'ಇಮೇಲ್‌ಗಳಲ್ಲಿ ಪೂರ್ಣವಿರಾಮ ಜಾಸ್ತಿ, ಒರಟು ಅನ್ನಿಸುತ್ತದೆ.' ಕಂಪನಿ ಹೆಸರು ಬೇಡ. ಈಗ ಆಶ್ಚರ್ಯಸೂಚಕ ಹಾಕುತ್ತಿದ್ದೇನೆ! ಮಿಲ್ಚಿಕ್ ಬಾಯಿಬಿಟ್ಟಾಗ ನಾನು ಸೋಫಾದಿಂದ ಎದ್ದು ನಿಂತೆ!

ಆದರೆ ಇಡೀ ಸೀಸನ್ನಿಗೆ ಒಂದು ಬಗ್ ರಿಪೋರ್ಟ್ ಇದೆ. ಲೂಮನ್ ಬಿಟ್ಟು ಬಂದ ಡಾಕ್ಟರ್ ರೆಗಾಬಿ ಮೂರನೇ ಕಂತಿನಲ್ಲಿ ಮಾರ್ಕ್‌ನ ಮರುಜೋಡಣೆ (ಇನ್ನಿ, ಔಟಿ ಇಬ್ಬರನ್ನೂ ಒಂದಾಗಿಸುವುದು) ಶುರು ಮಾಡಿದಳು. ಅವನಿಗೆ ಕೆಮ್ಮು, ಮೂಗಿನಲ್ಲಿ ರಕ್ತ, ಫಿಟ್ಸ್ ಎಲ್ಲ ಬಂತು. ಒಳಗಿನ ನೆನಪು ಹೊರಗೆ ಸೋರಲು ಶುರುವಾಗಿತ್ತು. ಹಾಗಿದ್ದ ಮೇಲೆ ಒಳಗಿನ ಮಾರ್ಕ್ ಜೊತೆ ಮಾತಾಡಲು ಹೆರಿಗೆ ಕ್ಯಾಬಿನ್ನಿಗೆ ಯಾಕೆ ಹೋಗಬೇಕು? ಅವನ ತಲೆಯಲ್ಲೇ ಇದ್ದಾನಲ್ಲ! ಆ ಎಳೆಯನ್ನು ಅಲ್ಲೇ ಕೈಬಿಟ್ಟು ಬೇರೆ ದಾರಿ ಹಿಡಿದರು. ಇದು ಬರಹಗಾರರ ಸೋಮಾರಿತನ ಅಂತ ನನ್ನ ವಾದ!

ಕಾಫಿ_ತೋಟ · ಶುಕ್ರವಾರ, ಮಧ್ಯಾಹ್ನ 2:05

ದಾಸರೇ, ಕೆಲಸ ಅರ್ಧಕ್ಕೇ ನಿಂತಿದೆ ಅಲ್ವಾ. ಏಳನೇ ಕಂತಿನಲ್ಲಿ ಡೆವನ್ ಕೋಬೆಲ್‌ಗೆ ಫೋನ್ ಮಾಡುತ್ತೇನೆ ಅಂದಿದ್ದಕ್ಕೆ ರೆಗಾಬಿ ಎದ್ದು ಹೋದಳು. ಸೋರಿದ್ದು ಒಂದೊಂದು ಚೂರು ನೆನಪು. ಮಾತಾಡುವಷ್ಟು ಅಲ್ಲ.

ಕ್ಯಾಬಿನ್ ವಿಷಯ ಮೊದಲ ಸೀಸನ್ನಿನಲ್ಲೇ ಹಾಕಿಟ್ಟಿದ್ದರು. ಸೆನೆಟರ್‌ನ ಹೆಂಡತಿ ಹೆರಿಗೆ ನೋವು ತನಗೆ ಬೇಡ ಅಂತ ಬೇರೆಯವಳೊಬ್ಬಳನ್ನು ಹುಟ್ಟಿಸಿಕೊಂಡಿದ್ದಳು. ನೋವು ತಿನ್ನುವುದಕ್ಕೆ ಒಬ್ಬಳು, ಮಗು ಎತ್ತಿಕೊಳ್ಳುವುದಕ್ಕೆ ಇನ್ನೊಬ್ಬಳು. ಆಗ ಡೆವನ್‌ಗೆ ಅನುಮಾನ ಬಂದಿತ್ತು, ಈಗ ಅದು ಕೆಲಸಕ್ಕೆ ಬಂತು. ಇದನ್ನು ಸೋಮಾರಿತನ ಅನ್ನಲಾಗುವುದಿಲ್ಲ.

ಡಿಬಗ್_ದಾಸ · ಶುಕ್ರವಾರ, ಮಧ್ಯಾಹ್ನ 2:11

ಕ್ಯಾಬಿನ್ ಒಪ್ಪಿದೆ. ಮರುಜೋಡಣೆ ಟಿಕೆಟ್ ಇನ್ನೂ ಓಪನ್!

ಸ್ಪಾಯ್ಲರ್_ಸೀನ · ಶುಕ್ರವಾರ, ಸಂಜೆ 4:50

ಟ್ರೇಲರ್‌ನಲ್ಲಿ ಒಂದು

(ಈ ಪೋಸ್ಟಿನ ಉಳಿದ ಭಾಗವನ್ನು ತೆಗೆಯಲಾಗಿದೆ. ಸೀನಣ್ಣಾ, ಎರಡನೇ ಸಲ. - ಗಾಂಧಿಬಜಾರ್_ಗಿರಾಕಿ)

ಎಡಿಸನ್_ಎಂಕ್ಟೇಶ · ಶುಕ್ರವಾರ, ಸಂಜೆ 6:15

ನ್ಯೂಜೆರ್ಸಿಯಿಂದ ಒಂದು ಸುದ್ದಿ. ಲೂಮನ್ ಆಫೀಸಿನ ಹೊರಗಡೆ ತೋರಿಸುವ ಆ ದೊಡ್ಡ ಗಾಜಿನ ಪೆಟ್ಟಿಗೆ ಇದೆಯಲ್ಲ, ಅದು ಹೋಮ್‌ಡೆಲ್‌ನಲ್ಲಿದೆ. ನಮ್ಮ ಮನೆಯಿಂದ ಕಾರಿನಲ್ಲಿ ಹೋದರೆ ದೂರವಲ್ಲ. ಮೊದಲು ಬೆಲ್ ಲ್ಯಾಬ್ಸ್ ಕಟ್ಟಡ. ಏರೋ ಸಾರಿನೆನ್ ವಿನ್ಯಾಸ, 1962ರಲ್ಲಿ ತೆರೆದದ್ದು. ಈಗ ಬೆಲ್ ವರ್ಕ್ಸ್ ಅಂತ ಹೆಸರು. ಯಾರು ಬೇಕಾದರೂ ಒಳಗೆ ಹೋಗಬಹುದು. ಕಾಫಿ ಅಂಗಡಿ, ಗ್ರಂಥಾಲಯ ಎಲ್ಲ ಇದೆ.

ಹೋದ ತಿಂಗಳು ಅಪ್ಪ ಅಮ್ಮ ಊರಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅಮ್ಮ ಆ ಉದ್ದನೆಯ ಒಳಾಂಗಣದಲ್ಲಿ ನಿಂತು ಮೇಲೆ ನೋಡಿ, 'ಇಷ್ಟು ಜಾಗ ಇಟ್ಟುಕೊಂಡು ಜನರನ್ನು ಯಾಕೆ ನೆಲಮಾಳಿಗೆಗೆ ಹಾಕುತ್ತಾರೆ?' ಅಂದರು. ನಾನು ಸೀರಿಯಲ್ ಕಥೆ ಹೇಳಿದ್ದನ್ನು ಅವರು ನಿಜ ಅಂತ ತಿಳಿದುಕೊಂಡಿದ್ದರು.

ಕಂತಿನ ಬಗ್ಗೆ ನನ್ನದು ಒಂದೇ ಮಾತು. ಗೇಟಿನ ಕಾವಲುಗಾರನಿಗೆ ಕೋಬೆಲ್, ಡೆವನ್‌ಳನ್ನು ತೋರಿಸಿ ಇವಳು ಕಂಪನಿಯ ಯಜಮಾನ ಜೇಮ್‌ಗೆ ಸೇರಿದವಳು ಅನ್ನುವ ಅರ್ಥದಲ್ಲಿ ಹೇಳುತ್ತಾಳಲ್ಲ, ಕಾವಲುಗಾರ ಅದನ್ನು ಮಾಮೂಲಿ ಅನ್ನುವಂತೆ ಒಪ್ಪಿಕೊಂಡು ಬಿಡುತ್ತಾನಲ್ಲ. ಆ ಮುದುಕ ಏನೇನು ಮಾಡಿದ್ದಾನೆ ಅಂತ ಬೇರೆ ವಿವರ ಬೇಕಾ? ಅದೇ ಮುದುಕ ಬೆಳಿಗ್ಗೆ ಮಗಳು (ಹೆಲಿಯ ಔಟಿ) ಮೊಟ್ಟೆ ತಿನ್ನುವುದನ್ನು ನೋಡುತ್ತಾ ಕೂತಿದ್ದ. ಕೊನೆಗೆ ಕೆಳಮಹಡಿಯಲ್ಲಿ ಹೆಲಿ ಒಬ್ಬಳೇ ಇದ್ದಾಗ ಬಂದು ನಿಂತ. ನನಗೆ ಇಡೀ ಸೀಸನ್ನಿನಲ್ಲಿ ಹೆದರಿಕೆ ಆದದ್ದು ಅಲ್ಲೇ.

ಹಳೇ_ಟೀವಿ · ಶುಕ್ರವಾರ, ರಾತ್ರಿ 8:40

ಗೇಟಿನ ವಿಷಯ ಬಂತಲ್ಲ, ಅಲ್ಲೇ ಇನ್ನೊಂದು ಇದೆ. ಕೋಬೆಲ್ ಅಲ್ಲಿ ಒಂದು ಗುಪ್ತ ಮಾತು ಹೇಳುತ್ತಾಳೆ: ಮಾರ್ಷಾ ವೈಟ್, ಒಂಬತ್ತನೇ ಮಹಡಿ, ಚಿನ್ನದ ಬೆರಳಚಿಪ್ಪು ಬೇಕು ಅಂತ. (ದರ್ಜಿಗಳು ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳುವ ಟೋಪಿ.) ಅದು 'ದಿ ಟ್ವಿಲೈಟ್ ಝೋನ್' ಸೀರಿಯಲ್‌ನಿಂದ ಬಂದದ್ದು. 1960ರ ಜೂನ್‌ನಲ್ಲಿ ಬಂದ ಆ ಕಂತಿನ ಹೆಸರು ಕೂಡ 'ದಿ ಆಫ್ಟರ್ ಅವರ್ಸ್'.

ಕಥೆ ಇಷ್ಟು. ಮಾರ್ಷಾ ಅನ್ನುವ ಹೆಂಗಸು ಚಿನ್ನದ ಬೆರಳಚಿಪ್ಪು ಕೊಳ್ಳಲು ದೊಡ್ಡ ಅಂಗಡಿಗೆ ಬರುತ್ತಾಳೆ. ಅವಳನ್ನು ಒಂಬತ್ತನೇ ಮಹಡಿಗೆ ಕಳಿಸುತ್ತಾರೆ. ಅಂಗಡಿಗೆ ಒಂಬತ್ತನೇ ಮಹಡಿಯೇ ಇಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಅವಳಿಗೆ ನಿಜ ನೆನಪಾಗುತ್ತದೆ. ಅವಳು ಹೆಂಗಸೇ ಅಲ್ಲ, ಬಟ್ಟೆ ಹಾಕಿ ನಿಲ್ಲಿಸುವ ಬೊಂಬೆ. ಅಲ್ಲಿನ ಬೊಂಬೆಗಳಿಗೆ ಸರದಿ ಪ್ರಕಾರ ಒಂದೊಂದು ತಿಂಗಳು ಹೊರಗೆ ಮನುಷ್ಯರ ಹಾಗೆ ಬದುಕಲು ಬಿಡುತ್ತಾರೆ. ಇವಳು ಹೊರಗಿನ ಬದುಕಿಗೆ ಒಗ್ಗಿ, ವಾಪಸ್ ಬರಬೇಕು ಅನ್ನುವುದನ್ನೇ ಮರೆತಿರುತ್ತಾಳೆ. ಅವಳು ತಡ ಮಾಡಿದ್ದರಿಂದ ಮುಂದಿನ ಬೊಂಬೆಯ ರಜೆ ಒಂದು ದಿನ ಕಡಿಮೆಯಾಗಿರುತ್ತದೆ.

ಈಗ ಇನ್ನಿಗಳನ್ನು ನೆನೆಸಿಕೊಳ್ಳಿ. ಒಂದೇ ದೇಹ, ಇಬ್ಬರ ಸರದಿ. ಒಬ್ಬರು ಹೊರಗಿದ್ದಷ್ಟು ಹೊತ್ತು ಇನ್ನೊಬ್ಬರು ಇಲ್ಲ. ಮಾರ್ಕ್ ಚಕ್ಕರ್ ಹೊಡೆದ ಆ ದಿನ ಅವನ ಇನ್ನಿಯ ಲೆಕ್ಕದಿಂದ ಕಳೆದುಹೋಯಿತು. ಹೆಸರನ್ನು ಸುಮ್ನೆ ಇಟ್ಟಿಲ್ಲ ಅನ್ನುವುದಕ್ಕೆ ಇಷ್ಟು ಬರೆದೆ.

ಮೇಷ್ಟ್ರು_ರಿಟೈರ್ಡ್ · ಶುಕ್ರವಾರ, ರಾತ್ರಿ 9:05

ಭೇಷ್. ಹಿಂದಿನ ಬೆಂಚಿನವರೂ ಓದಿಕೊಂಡು ಬಂದಿದ್ದಾರೆ.

ಬುಗುರಿ · ಶನಿವಾರ, ಬೆಳಿಗ್ಗೆ 7:50

ಮಿಸ್ ಹ್ವಾಂಗ್ ಬಗ್ಗೆ ಯಾರೂ ಮಾತಾಡಲಿಲ್ಲ. ನೀರು ತುಂಬಿದ ಆಟಿಕೆ, ಗುಂಡಿ ಒತ್ತಿದರೆ ಉಂಗುರಗಳು ತೇಲಿ ಕಡ್ಡಿಗೆ ಸಿಕ್ಕಿಕೊಳ್ಳುವುದು. ಜಾತ್ರೆಯಲ್ಲಿ ಅಪ್ಪನನ್ನು ಪೀಡಿಸಿ ನಾನೂ ಕೊಡಿಸಿಕೊಂಡಿದ್ದೆ. ಆ ಹುಡುಗಿಯಿಂದ ಅದನ್ನು ಅವಳ ಕೈಯಲ್ಲೇ ಒಡೆಸಿದರು. ಅವಳಿನ್ನೂ ಮಗು. ನನಗೆ ಅಳು ಬಂತು, ಅಷ್ಟೇ ಹೇಳಲು ಬಂದೆ.

ನೈಟ್‌ಶಿಫ್ಟ್_ನಂಜ · ಶನಿವಾರ, ಬೆಳಿಗ್ಗೆ 11:15

ಎಲ್ಲರೂ ಬರ್ಟ್‌ಗಾಗಿ ಅಳುತ್ತಿದ್ದೀರಿ. ನಾನು ಅಳುವುದಿಲ್ಲ.

ಅವನು ಕಾರಿನಲ್ಲಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿರಾ? ಲೂಮನ್‌ಗಾಗಿ ಜನರನ್ನು ಕಾರಿನಲ್ಲಿ ಕೂರಿಸಿಕೊಂಡು ಎಲ್ಲೆಲ್ಲಿಗೋ ಬಿಟ್ಟು ಬರುತ್ತಿದ್ದನಂತೆ. ಆಮೇಲೆ ಅವರಿಗೆ ಏನಾಯಿತು ಅಂತ ಗೊತ್ತಿಲ್ಲವಂತೆ. ಗೊತ್ತಿಲ್ಲ ಅಂದರೆ ಏನರ್ಥ? ಕೇಳಲಿಲ್ಲ ಅಂತ. 'ನಾನು ಬರೀ ಡ್ರೈವರ್' ಅನ್ನುವ ಮಾತು ನಮ್ಮ ಕಡೆ ಪೊಲೀಸ್ ಸ್ಟೇಷನ್ನಿನಲ್ಲಿ ಎಷ್ಟು ಸಲ ಕೇಳಿಸುತ್ತದೋ ಲೆಕ್ಕವಿಲ್ಲ. ಒಬ್ಬನನ್ನು ಉಳಿಸಿದ, ಅದೂ ಅವನ ಮೇಲೆ ತನಗೆ ಮನಸ್ಸಿದೆ ಅಂತ. ಉಳಿದವರು?

ಕಾಫಿ_ತೋಟ · ಶನಿವಾರ, ಮಧ್ಯಾಹ್ನ 12:40

ನಂಜಣ್ಣಾ, ನಿಮ್ಮ ಮಾತು ಒಪ್ಪಿದೆ. ಆದರೆ ಆರನೇ ಕಂತಿನ ಊಟದ ದೃಶ್ಯದ ಜೊತೆ ಇಟ್ಟು ನೋಡಿ. ಎರಡು ಕಂತಿನ ನಿರ್ದೇಶಕಿಯೂ ಒಬ್ಬರೇ, ಊಟಾ ಬ್ರೀಸೆವಿಟ್ಸ್. ಅಲ್ಲಿ ಮೇಜಿನ ಸುತ್ತ ಕೂತು ಬರ್ಟ್ ಯಾಕೆ ಈ ಆಪರೇಷನ್ ಮಾಡಿಸಿಕೊಂಡ ಅಂತ ಹೇಳಿದ್ದರು. ಇನ್ನಿಗೆ ಬೇರೆ ಆತ್ಮ ಇರುತ್ತದೆ, ಅವನು ಪಾಪ ಮಾಡಿರುವುದಿಲ್ಲ, ಅವನಾದರೂ ಸ್ವರ್ಗಕ್ಕೆ ಹೋಗಬಹುದು ಅಂತ ಅವರ ಚರ್ಚಿನಲ್ಲಿ ಹೇಳಿದ್ದರಂತೆ. ಆಗ ಅದು ತಮಾಷೆ ಅನ್ನಿಸಿತ್ತು. ಇಷ್ಟು ಒಳ್ಳೆಯ ಮುದುಕನಿಗೆ ನರಕದ ಭಯ ಯಾಕೆ ಅಂತ ನಾನೂ ನಕ್ಕಿದ್ದೆ.

ಈಗ ಗೊತ್ತಾಯಿತಲ್ಲ ಯಾಕೆ ಅಂತ. ತಾನು ಏನು ಮಾಡಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ತನಗೆ ಕ್ಷಮೆ ಸಿಗುತ್ತದೆ ಅಂತ ಅವನೂ ಅಂದುಕೊಂಡಿಲ್ಲ. ಅದಕ್ಕೇ ಸ್ಟೇಷನ್ನಿನಲ್ಲಿ ಇರ್ವಿಂಗ್ ಅಷ್ಟು ಕೇಳಿದರೂ ಅವನ ಜೊತೆ ಹೊರಡಲಿಲ್ಲ. ಎಲ್ಲಿಗೆ ಹೋಗುತ್ತೀಯೋ ನನಗೂ ಹೇಳಬೇಡ ಅಂದ.

ನೈಟ್‌ಶಿಫ್ಟ್_ನಂಜ · ಶನಿವಾರ, ಮಧ್ಯಾಹ್ನ 12:58

ಆ ಊಟದ ದೃಶ್ಯ ಮರೆತಿದ್ದೆ. ಆದರೂ ಅಳುವುದಿಲ್ಲ.

ಹೊಸಬ_2025 · ಶನಿವಾರ, ಸಂಜೆ 5:30

ಎಲ್ಲರಿಗೂ ನಮಸ್ಕಾರ. ನಾನು ಮೊದಲ ಸೀಸನ್ ನೋಡಿಲ್ಲ. ನೇರ ಎರಡನೆಯದರಿಂದ ಶುರು ಮಾಡಿದರೆ ಅರ್ಥ ಆಗುತ್ತಾ?

ಗಾಂಧಿಬಜಾರ್_ಗಿರಾಕಿ · ಶನಿವಾರ, ಸಂಜೆ 5:33

ಇಲ್ಲ. ಇಲ್ಲಿಯವರೆಗೆ ಓದಿದ್ದನ್ನೆಲ್ಲ ಮರೆತು ಮೊದಲಿನಿಂದ ನೋಡಿ. ಮರೆಯುವ ಆಪರೇಷನ್ ಬೇಕಾದರೆ ವಿಳಾಸ ಎಂಕ್ಟೇಶ ಅವರ ಹತ್ತಿರ ಇದೆ.

ಡಿಬಗ್_ದಾಸ · ಭಾನುವಾರ, ಬೆಳಿಗ್ಗೆ 10:20

ಮುಂದಿನ ವಾರಕ್ಕೆ ನನ್ನ ಊಹೆ ಬರೆದಿಡುತ್ತೇನೆ, ತಪ್ಪಾದರೆ ನಗಿ. ಮಾರ್ಕ್ ಆಫೀಸಿನಲ್ಲಿ ಮಾಡುತ್ತಿರುವ 'ಕೋಲ್ಡ್ ಹಾರ್ಬರ್' ಫೈಲ್ ಮುಗಿದಿದ್ದರೆ, ಲೂಮನ್ ಒಳಗೆ ಕೂಡಿಹಾಕಿರುವ ಜೆಮ್ಮಾ ಬದುಕಿಲ್ಲ ಅಂತ ಕೋಬೆಲ್ ಹೇಳಿದಳು. ಅಂದರೆ ಮುಗಿಸಬೇಕಾದವನೂ ಮಾರ್ಕ್, ತಪ್ಪಿಸಬೇಕಾದವನೂ ಮಾರ್ಕ್. ಆದರೆ ಜೆಮ್ಮಾ ಔಟಿಯ ಹೆಂಡತಿ, ಇನ್ನಿಗೆ ಬೇಕಾದವಳು ಹೆಲಿ. ಜೆಮ್ಮಾ ಹೊರಗೆ ಬಂದ ದಿನ ಮಾರ್ಕ್ ಮತ್ತೆ ಕೆಲಸಕ್ಕೆ ಯಾಕೆ ಹೋಗುತ್ತಾನೆ? ಇನ್ನಿಯ ಕಥೆ ಅಲ್ಲಿಗೆ ಮುಗಿಯಿತು. ಹಾಗಾಗಿ ಒಳಗಿನ ಮಾರ್ಕ್ ಅಷ್ಟು ಸುಲಭವಾಗಿ ಹೂಂ ಅನ್ನುವುದಿಲ್ಲ! ಅವನು ಯಾಕೆ ಅನ್ನಬೇಕು ಹೇಳಿ!

ಹಳೇ_ಹೆಡ್‌ಸೆಟ್ · ಭಾನುವಾರ, ಬೆಳಿಗ್ಗೆ 11:00

ನ್ಯಾನ್ಸಿ ಆಗಿದ್ದರೆ ಅನ್ನುತ್ತಿರಲಿಲ್ಲ.

ಗಿರ್ಮಿಟ್ · ಭಾನುವಾರ, ರಾತ್ರಿ 10:45

ಇವತ್ತು ಇನ್ನೊಂದು ಸಲ ಹಾಕಿದೆ. ಮಗಳು ಮಲಗಿದ್ದಳು, ಹಾಲ್‌ನಲ್ಲಿ ಮಾವ ಪೇಪರ್ ಓದುತ್ತಾ ಕೂತಿದ್ದರು. ಅವರು ಹುಬ್ಬಳ್ಳಿ ಕಡೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. ಇನ್ನಿ, ಔಟಿ, ಲೂಮನ್ ಯಾವುದೂ ಗೊತ್ತಿಲ್ಲ, ಕೇಳಲೂ ಇಲ್ಲ. ಸ್ಟೇಷನ್ ಬಂದ ಕೂಡಲೇ ಪೇಪರ್ ಮಡಚಿಟ್ಟರು.

ಇರ್ವಿಂಗ್ ಹೊರಡುವವರೆಗೂ ಸುಮ್ಮನೆ ನೋಡಿದರು. ಆಮೇಲೆ, 'ಹತ್ತಿದವರ ಚಿಂತೆ ಇಲ್ಲ ನಮಗೆ. ಬಿಡಲು ಬಂದವರು ಗಾಡಿ ಹೋದ ಮೇಲೂ ನಿಂತೇ ಇರುತ್ತಿದ್ದರು. ಅವರನ್ನು ಪ್ಲಾಟ್‌ಫಾರ್ಮ್‌ನಿಂದ ಹೊರಗೆ ಕಳಿಸುವುದೇ ರಗಳೆ' ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: 'ಆ ನಾಯಿಗೆ ಟಿಕೆಟ್ ತೆಗೆದಿದ್ದಾನಾ?'

ಕಾಫಿ_ತೋಟ ಮೇಡಂ, ನಿಮ್ಮ ಮಾತಿಗೆ ಬರುತ್ತೇನೆ. ಎರಡನೇ ಸಲಕ್ಕೆ ಹೊಟ್ಟೆ ಅಷ್ಟು ಖಾಲಿ ಅನ್ನಿಸಲಿಲ್ಲ. ಆದರೆ ಎಂಟನೇ ಕಂತಿನ ಬಗ್ಗೆ ನನ್ನ ಸಿಟ್ಟು ಹಾಗೇ ಇದೆ.

ಎಡಿಸನ್_ಎಂಕ್ಟೇಶ · ಭಾನುವಾರ, ರಾತ್ರಿ 11:20

ನಿಮ್ಮ ಮಾವನಿಗೆ ನನ್ನ ಸಲಾಂ. ಇಲ್ಲಿ ಆಮ್‌ಟ್ರಾಕ್ ರೈಲಿನಲ್ಲಿ ನಾಯಿಯನ್ನು ಬಿಡುತ್ತಾರೆ, ಆದರೆ ಬ್ಯಾಗ್ ಸೇರಿ 20 ಪೌಂಡ್ ದಾಟಬಾರದು. ನಾಯಿ ಬ್ಯಾಗಿನೊಳಗೇ ಕೂರಬೇಕು. ಇರ್ವಿಂಗ್‌ನ ನಾಯಿ ರೇಡಾರ್ ಆ ಬ್ಯಾಗಿನಲ್ಲಿ ಹಿಡಿಸುವುದಿಲ್ಲ.

ಗಿರ್ಮಿಟ್ · ಭಾನುವಾರ, ರಾತ್ರಿ 11:26

ಮಾವ ಇನ್ನೂ ಎದ್ದಿದ್ದರು, ಹೇಳಿದೆ. 'ನಾನಾಗಿದ್ದರೆ ಇಬ್ಬರನ್ನೂ ಇಳಿಸುತ್ತಿದ್ದೆ' ಅಂದು ದೀಪ ಆರಿಸಿದರು.